ತೋರಣಾ ಐದು ಪಾಯಿಂಟ್ ನಾಲ್ಕು

ಮೆಷಿನ್ ಜೊತೆ ಬರುವ ಪುಸ್ತಕವನ್ನು ಯಾರು ಓದುತ್ತಾರೆ ಎಂದು ನಗುವವರನ್ನು ಕಂಡರೆ ನನಗೆ ಮೈ ಉರಿಯುತ್ತದೆ. ಓದುತ್ತಾರೆ ಸ್ವಾಮಿ. ಪುಣೆ ಹತ್ತಿರದ ಸಾಸವಡದ ಹಣ್ಣಿನ ಕಾರ್ಖಾನೆಯೊಂದರಲ್ಲಿ ಒಬ್ಬಾತ ನಾನು ಬರೆದ ಪುಸ್ತಕವನ್ನು ತೆರೆದು, ಸಾಲಿನ ಮೇಲೆ ಬೆರಳಿಟ್ಟು ಓದಿ, ಅದರಲ್ಲಿದ್ದಂತೆಯೇ ಮಾಡಿ ಬಲಗೈ ಸುಟ್ಟುಕೊಂಡ. ಆದರೆ ನಾನು ಹೇಳಬೇಕೆಂದಿರುವುದು ಆತನ ಕೈಯ ವಿಷಯವಲ್ಲ. ಆ ಪುಸ್ತಕದಲ್ಲಿ ಇನ್ನೊಬ್ಬರ ಹೆಸರಿತ್ತು. ಇರಬಾರದಿತ್ತು, ಇತ್ತು. ಅವರ ವಿಷಯ.

ನಾನು ಮೈಸೂರಿನವಳು. ಪುಣೆಗೆ ಬಂದು ಯೆರವಡಾದ ಒಂದು ಕಂಪನಿಯಲ್ಲಿ ಮ್ಯಾನ್ಯುಯಲ್ ಬರೆಯುವ ಕೆಲಸಕ್ಕೆ ಸೇರಿದೆ. ಹಣ್ಣಿನ ತಿರುಳು ತುಂಬಿದ ಬಾಟಲಿಗಳನ್ನು ಹಬೆಯಲ್ಲಿ ಬೇಯಿಸಲು ದೊಡ್ಡ ಉಕ್ಕಿನ ಮೆಷಿನ್ನುಗಳಿರುತ್ತವೆ. ಮನೆಯ ಕುಕ್ಕರನ್ನು ಕೋಣೆಯಷ್ಟು ದೊಡ್ಡದು ಮಾಡಿದರೆ ಹೇಗೋ ಹಾಗೆ. ಅದನ್ನು ನಡೆಸುವ ಸಾಫ್ಟ್‌ವೇರ್ ನಮ್ಮದು. ಯಾವ ಗುಂಡಿ ಒತ್ತಿದರೆ ಏನಾಗುತ್ತದೆ ಎಂದು ಬರೆಯುವವರು ನಾವು ಮೂವರು, ನಮ್ಮೆಲ್ಲರ ಮೇಲೆ ಒಬ್ಬರು ಸರ್.

ಸರ್ ಬಾಗಲಕೋಟೆ ಕಡೆಯವರು. ಪುಣೆಯಲ್ಲಿ ಮೊದಲು ಒಂದು ಪ್ರಿಂಟಿಂಗ್ ಪ್ರೆಸ್ಸಿನಲ್ಲಿ ಪ್ರೂಫ್ ನೋಡುತ್ತಿದ್ದರಂತೆ. ಆಮೇಲೆ ಈ ಕಂಪನಿಗೆ ಬಂದು ಇಲ್ಲೇ ತಲೆ ನರೆತವರು. ಹೊರಗೆಲ್ಲ ಮರಾಠಿ, ನನ್ನ ಜೊತೆ ಮಾತ್ರ ಕನ್ನಡ. ನನ್ನ ಮಾತು ಕೇಳಿದರೆ ಅವರಿಗೆ ನಗು.

"ನೀವು ಮೈಸೂರಿನವರು ಬೈದ್ರೂ ಹಾಡಿದಂಗ ಇರ್ತದವಾ," ಅನ್ನುತ್ತಿದ್ದರು.

"ನೀವು ಹಾಡಿದ್ರೂ ಬೈದ ಹಾಗಿರತ್ತೆ ಸರ್," ಅಂತ ನಾನು. ಮೊದಲ ವಾರದಲ್ಲೇ ಹಾಗೆ ಎದುರು ಮಾತಾಡಿದ್ದೆ. ಅವರು ಮೇಜು ತಟ್ಟಿ ನಕ್ಕಿದ್ದರು. ಅಂದಿನಿಂದ ನಾನು ಅವರಿಗೆ ತಂಗಿ.

ಪ್ರತಿ ಪುಸ್ತಕದ ಮುಖಪುಟದ ಮೇಲೆ ಒಂದು ಲೇಬಲ್ ಇರುತ್ತದೆ, ಈ ಪುಸ್ತಕ ಸಾಫ್ಟ್‌ವೇರಿನ ಇಂಥ ವರ್ಷನ್ನಿಗೆ ಎಂದು. ಮೆಷಿನ್ ಚಾಲೂ ಮಾಡಿದಾಗ ಅದರ ಪರದೆಯ ಮೇಲೂ ವರ್ಷನ್ನಿನ ನಂಬರ್ ಒಂದು ಕ್ಷಣ ಮೂಡಿ ಹೋಗುತ್ತದೆ. ಎರಡೂ ಒಂದೇ ಆಗಿರಬೇಕು. ನಾವು ಉಳಿದವರು ಇದನ್ನು ಈಮೇಲ್ ನೋಡಿ ತಾಳೆ ಹಾಕುತ್ತಿದ್ದೆವು. ಸರ್ ಹಾಗಲ್ಲ. ಅಚ್ಚಿಗೆ ಹೋಗುವ ಪ್ರತಿ ಪುಸ್ತಕವನ್ನೂ ಕಂಕುಳಲ್ಲಿ ಇಟ್ಟುಕೊಂಡು, ಐದು ಮಹಡಿ ಮೆಟ್ಟಿಲಿಳಿದು, ನೆಲಮಾಳಿಗೆಯ ಲ್ಯಾಬಿಗೆ ಹೋಗಿ, ಅಲ್ಲಿರುವ ಮೆಷಿನ್ ತಾವೇ ಚಾಲೂ ಮಾಡಿ ನಂಬರ್ ಓದುವರು. ಆಮೇಲೆ ಮೆಷಿನ್ ಬಂದ್ ಮಾಡುವ ಅಧ್ಯಾಯ ತೆಗೆದು, ಒಂದೊಂದೇ ಸಾಲು ಓದಿ ಒಂದೊಂದೇ ಗುಂಡಿ ಒತ್ತುವರು. ಬೇರೆ ಅಧ್ಯಾಯ ಬಿಟ್ಟರೂ ಬಿಟ್ಟಾರು, ಅದನ್ನು ಬಿಡುತ್ತಿರಲಿಲ್ಲ.

"ಚಾಲೂ ಮಾಡೋದು ತಪ್ಪಿದ್ರ ಕೆಲಸ ನಿಂದರ್ತದ, ಅಷ್ಟ. ಬಂದ್ ಮಾಡೋದು ತಪ್ಪಿದ್ರ ಮನಷ್ಯಾ ಹೋಗ್ತಾನ," ಅಂತ ಒಮ್ಮೆ ಹೇಳಿದ್ದರು.

ಎಲ್ಲ ಸರಿ ಇದ್ದರೆ ಕಾರ್ಬನ್ ಇಟ್ಟ ಪುಟ್ಟ ಬುಕ್ಕಿನಲ್ಲಿ ಒಂದು ಚೀಟಿ ಬರೆಯುವರು. ಮೇಲಿನ ಪ್ರತಿ ನಮಗೆ, ಕೆಳಗಿನದು ಅವರ ಬುಕ್ಕಿನಲ್ಲೇ. ಚೀಟಿ ಕೈಗೆ ಬಂದ ಮೇಲೆ ನಾವು ಪುಸ್ತಕದ ಎರಡನೇ ಪುಟದಲ್ಲಿ, 'ಪರಿಶೀಲಿಸಿದವರು' ಅನ್ನುವ ಕಡೆ ಅವರ ಹೆಸರು ಟೈಪ್ ಮಾಡುವುದು ಪದ್ಧತಿ. ಎಲ್ಲವೂ ಕಂಪ್ಯೂಟರಿನಲ್ಲಿರುವಾಗ ಈ ಕಾರ್ಬನ್ ಎಂಥದ್ದು ಎಂದು ಹೊಸ ಹುಡುಗರು ಮುಸಿಮುಸಿ ನಗುತ್ತಿದ್ದರು. ನಾನೂ ನಗುತ್ತಿದ್ದೆ, ಸುಳ್ಳೇಕೆ.

ಕಾರಣ ಏನೆಂದು ಒಂದು ದಿನ ಚಹಾ ಕುಡಿಯುವಾಗ ಅವರೇ ಹೇಳಿದರು. ಅವರ ತಾಯಿಗೆ ಕೊನೆಕೊನೆಗೆ ಏನೂ ನೆನಪಿರುತ್ತಿರಲಿಲ್ಲವಂತೆ. ಅಣ್ಣನಿಗೂ ಅದೇ ಆಯಿತು. ಅಣ್ಣ ತಮ್ಮ ಸ್ವಂತ ಮಗಳನ್ನೇ ಯಾರಮ್ಮಾ ನೀನು ಎಂದು ಕೇಳಿದರಂತೆ. "ನಮ್ಮ ಮನಿತನದಾಗ ಅರವತ್ತರ ಸನಿ ಬಂದ್ರ ತಲಿ ಕೈ ಕೊಡ್ತದ ತಂಗಿ. ನನಗ ಸಾಯೂ ಅಂಜಿಕಿ ಇಲ್ಲ, ಇದರದಽ ಅಂಜಿಕಿ," ಅಂದರು. ಆಗ ಅವರಿಗೆ ಐವತ್ತೆಂಟು. ದಿನಾ ಬೆಳಿಗ್ಗೆ ಮರಾಠಿ ಪೇಪರಿನ ಪದಬಂಧ ಪೂರ್ತಿ ತುಂಬಿಸಿಕೊಂಡು ಬಂದು ನನ್ನ ಮೇಜಿನ ಮೇಲೆ ಹರವುವರು. "ನೋಡು, ಇನ್ನೂ ಗಟ್ಟಿ ಅದ." ಅದೊಂದು ಆಟದಂತಿತ್ತು. ಆದರೆ ಒಂದು ಮನೆ ಖಾಲಿ ಉಳಿದ ದಿನ ಅವರ ಮುಖ ಮಧ್ಯಾಹ್ನದವರೆಗೂ ಸಪ್ಪಗಿರುತ್ತಿತ್ತು.

ಹೀಗಿರುವಾಗ ನಮ್ಮ ಮಾರ್ಕೆಟಿಂಗಿನವರಿಗೆ ಹೊಸ ಹುಚ್ಚು ಹಿಡಿಯಿತು. 5.1, 5.2 ಎಂದು ನಂಬರ್ ಹೇಳಿದರೆ ಗಿರಾಕಿಗಳ ಮನಸ್ಸಿಗೆ ನಾಟುವುದಿಲ್ಲವಂತೆ, ಇನ್ನು ಮೇಲೆ ವರ್ಷನ್ನುಗಳಿಗೆ ಇಲ್ಲಿಯವರು ಗಡ ಅನ್ನುವ ಕೋಟೆಗಳ ಹೆಸರಂತೆ. ವರ್ಷಕ್ಕೊಂದು ಗಡ. ಮೊದಲು 5.3 ಹೋಗಿ 'ತೋರಣಾ' ಆಯಿತು. ಮೀಟಿಂಗಿನಲ್ಲಿ ಎಲ್ಲರೂ ಚಪ್ಪಾಳೆ ತಟ್ಟಿದರು. ಸರ್ ಒಬ್ಬರೇ ಕೈ ಎತ್ತಿ ಮರಾಠಿಯಲ್ಲಿ ಏನೋ ಕೇಳಿದರು. ಯಾರೂ ಗಮನ ಕೊಡಲಿಲ್ಲ. ಹೊರಗೆ ಬಂದು ನನಗೆ ಹೇಳಿದರು:

"ಗಡದ ಮ್ಯಾಲ ಪ್ರೀತಿ ನನಗೂ ಅದ. ಹೆಂಡ್ತಿನ್ನ ಕರಕೊಂಡು ಹತ್ತೀನಿ. ಆದ್ರ ಮೆಷಿನ್ ತನ್ನ ಹೆಸರು ತೋರಣಾ ಅನ್ನೂದಿಲ್ಲ, ಐದು ಪಾಯಿಂಟ್ ಮೂರು ಅಂತದ. ನಡುವ ಏನರ ಬದಲಾತಂದ್ರ ಅದೂ ತೋರಣಾನಽ, ಇದೂ ತೋರಣಾನಽ. ಪುಸ್ತಕ ಯಾವುದಕ್ಕ ಅಂತ ಹ್ಯಾಂಗ ತಿಳೀಬೇಕು?"

ಹಟ ಹಿಡಿದು, ಹತ್ತು ಮೇಲ್ ಬರೆದು, ಲೇಬಲ್ಲಿನಲ್ಲಿ ಗಡದ ಹೆಸರಿನ ಕೆಳಗೆ ನಂಬರನ್ನೂ ಹಾಕಿಸಿದರು. ಇರುವೆಯಷ್ಟು ಸಣ್ಣ ಅಕ್ಷರದಲ್ಲಿ. ಅದು ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ. ಆರು ತಿಂಗಳಲ್ಲಿ ಎಲ್ಲರ ಬಾಯಲ್ಲೂ ಬರೀ ತೋರಣಾ, ನನ್ನ ಬಾಯಲ್ಲೂ.

ಈಗ ನನ್ನ ಶುಕ್ರವಾರಕ್ಕೆ ಬರುತ್ತೇನೆ. ಮಧ್ಯಾಹ್ನ ಡೆವಲಪರ್‌ಗಳಿಂದ ಮೇಲ್ ಬಂತು: ತೋರಣಾಕ್ಕೆ ಸಣ್ಣ ಅಪ್‌ಡೇಟ್, ನಂಬರ್ 5.4, ಮ್ಯಾನ್ಯುಯಲ್‌ನಲ್ಲಿ ಲೇಬಲ್ ಬದಲಿಸಿದರೆ ಸಾಕು, ಸೋಮವಾರ ಮೆಷಿನ್ ಹೊರಡುತ್ತದೆ. ನನಗೆ ಸಂಜೆ ಮೈಸೂರಿಗೆ ಬಸ್ಸು. ಚಿಕ್ಕಪ್ಪನ ಮಗಳ ಮದುವೆ, ಸೀರೆಗೆ ಫಾಲ್ ಹಚ್ಚಲು ಕೊಟ್ಟದ್ದನ್ನು ಇಸಿದುಕೊಳ್ಳಬೇಕು, ಬ್ಯಾಗ್ ತುಂಬಬೇಕು. ಹಳೆಯ 5.3 ಪುಸ್ತಕದ ಫೈಲನ್ನು ಕಾಪಿ ಮಾಡಿದೆ. ಲೇಬಲ್ಲಿನಲ್ಲಿ ಮೂರು ತೆಗೆದು ನಾಲ್ಕು ಹಾಕಿದೆ. ಎರಡನೇ ಪುಟದ ತಾರೀಖು ತಂತಾನೇ ಆ ದಿನದ್ದಾಯಿತು. ಅದರ ಪಕ್ಕದಲ್ಲಿ ಹಳೆಯ ಪುಸ್ತಕದಿಂದ ಬಂದ ಸರ್ ಹೆಸರು ಹಾಗೇ ಕೂತಿತ್ತು.

ಆ ಹೆಸರು ಅಳಿಸಬೇಕಿತ್ತು. ಪುಸ್ತಕ ಅವರಿಗೆ ಕೊಟ್ಟು, ಅವರು ಕೆಳಗೆ ಹೋಗಿ ಬಂದು ಚೀಟಿ ಬರೆದ ಮೇಲೆ ಮತ್ತೆ ಹಾಕಬೇಕಿತ್ತು. ಅವರು ಯಾವುದೋ ಮೀಟಿಂಗಿನಲ್ಲಿದ್ದರು. ಎದ್ದು ಬರಲು ಇನ್ನೊಂದು ಗಂಟೆ. ತೋರಣಾ ತಾನೇ, ಸರ್ ನೋಡಿದ್ದೇ ಇದೆಯಲ್ಲ ಅಂದುಕೊಂಡೆ. ಅಚ್ಚಿಗೆ ಕಳಿಸಿಬಿಟ್ಟೆ. ಹತ್ತು ನಿಮಿಷದ ಕೆಲಸ. ಬಸ್ಸು ಕಾತ್ರಜ್ ದಾಟುವ ಹೊತ್ತಿಗೆ ಮರೆತೂ ಹೋಗಿತ್ತು.

ಆ ಸಣ್ಣ ಅಪ್‌ಡೇಟಿನಲ್ಲಿ ಬದಲಾಗಿದ್ದು ಬಂದ್ ಮಾಡುವ ಗುಂಡಿ. 5.3ರಲ್ಲಿ ಅದನ್ನು ಒತ್ತಿದರೆ ಕಾಯಿಸುವುದು ನಿಂತು, ಒಳಗಿನ ಹಬೆಯೂ ಹೊರಗೆ ಹೋಗುತ್ತಿತ್ತು. 5.4ರಲ್ಲಿ ಕಾಯಿಸುವುದು ಮಾತ್ರ ನಿಲ್ಲುತ್ತದೆ, ಹಬೆಗೆ ಬೇರೆ ಗುಂಡಿ ಒತ್ತಬೇಕು. ಡೆವಲಪರ್‌ಗೆ ಅದು ಒಂದು ಸಾಲಿನ ಕೋಡ್, ಅದಕ್ಕೇ ಸಣ್ಣದು ಅಂದ. ನಾನು ಕಳಿಸಿದ ಪುಸ್ತಕದಲ್ಲಿ ಹಳೆಯ ಮಾತೇ ಇತ್ತು: ಗುಂಡಿ ಒತ್ತಿ, ಎರಡು ನಿಮಿಷ ಕಾದು, ಮುಚ್ಚಳ ತೆರೆಯಿರಿ.

ಮೂರು ವಾರದ ಮೇಲೆ ಸಾಸವಡದ ಆಪರೇಟರ್ ಗುಂಡಿ ಒತ್ತಿ, ಎರಡು ನಿಮಿಷ ಕಾದು, ಮುಚ್ಚಳ ತೆರೆದ.

ಮಾರನೆಯ ದಿನ ನಮ್ಮನ್ನೆಲ್ಲ ಒಂದು ರೂಮಿನಲ್ಲಿ ಕೂರಿಸಿದರು. ಗೋಡೆಯ ಮೇಲೆ ಪುಸ್ತಕದ ಎರಡನೇ ಪುಟ ದೊಡ್ಡದಾಗಿ ಕಾಣುತ್ತಿತ್ತು. ಬರೆದವರು, ನನ್ನ ಹೆಸರು. ಪರಿಶೀಲಿಸಿದವರು, ಸರ್ ಹೆಸರು. ಪಕ್ಕದಲ್ಲಿ ಆ ಶುಕ್ರವಾರದ ತಾರೀಖು. ಮ್ಯಾನೇಜರ್ ಒಳ್ಳೆಯ ಮನುಷ್ಯ, ದನಿ ಏರಿಸಲಿಲ್ಲ. ಇದನ್ನು ನೀವು ನೋಡಿದ್ದಿರಾ ಎಂದು ಸರ್ ಅವರನ್ನು ಕೇಳಿದರು.

ಸರ್ ಎದ್ದು ಹೋಗಿ ಕಾರ್ಬನ್ ಬುಕ್ ತಂದರು. ಒಂದೊಂದೇ ಹಾಳೆ ತಿರುವಿದರು. ಆ ವಾರ ಏಳೆಂಟು ಪುಸ್ತಕ ನೋಡಿದ್ದರು, ಎಲ್ಲದರ ಚೀಟಿ ಇತ್ತು. 5.4ರದ್ದು ಇರಲಿಲ್ಲ. ಮತ್ತೆ ಮೊದಲಿನಿಂದ ತಿರುವಿದರು. ಹಾಳೆ ಅಂಟಿಕೊಂಡಿದೆಯೇನೋ ಎಂದು ಬೆರಳಿನಿಂದ ಬಿಡಿಸಿ ನೋಡಿದರು. ಆಮೇಲೆ ನನ್ನ ಕಡೆ ತಿರುಗಿ, ಮೆಲ್ಲಗೆ, ಕನ್ನಡದಲ್ಲೇ ಕೇಳಿದರು:

"ತಂಗಿ, ಇದರ ಚೀಟಿ ನಾ ನಿನಗ ಕೊಟ್ಟಿದ್ನೇನು?"

ಇಲ್ಲ ಸರ್, ನೀವು ನೋಡಿಯೇ ಇಲ್ಲ, ಅದು ಹಳೇ ಫೈಲಿನ ಹೆಸರು. ಇಷ್ಟು ಹೇಳಲು ಎಷ್ಟು ಹೊತ್ತು ಬೇಕು? ಮ್ಯಾನೇಜರ್ ನನ್ನನ್ನೇ ನೋಡುತ್ತಿದ್ದರು. ಒಬ್ಬನ ಕೈ ಬೆಂದಿದೆ, ಪೊಲೀಸರು ಬಂದರೆ ಏನು ಗತಿ, ಅಪ್ಪ ಅಮ್ಮನಿಗೆ ಏನು ಹೇಳಲಿ, ಬರೀ ಇದೇ ತಲೆಯಲ್ಲಿ ಓಡುತ್ತಿತ್ತು.

"ನೆನಪಿಲ್ಲ ಸರ್," ಅಂದೆ.

ಸಾವಿರ ಸುಳ್ಳಿದ್ದವು ಹೇಳಲು. ಆ ಮನುಷ್ಯನ ಮುಂದೆ ನಾನು ಆರಿಸಿಕೊಂಡಿದ್ದು ಇದನ್ನು. ಥೂ ನನ್ನ ಜನ್ಮಕ್ಕೆ.

ಸರ್ ಗೋಡೆಯ ಮೇಲಿನ ತಮ್ಮ ಹೆಸರನ್ನೇ ನೋಡಿದರು. ಕನ್ನಡಕ ತೆಗೆದು ಒರೆಸಿ ಮತ್ತೆ ನೋಡಿದರು. ಆಮೇಲೆ ಮ್ಯಾನೇಜರಿಗೆ ಮರಾಠಿಯಲ್ಲಿ ಹೇಳಿದ್ದರ ಅರ್ಥ ಇಷ್ಟು: ಹೆಸರಿದೆ, ಚೀಟಿ ಇಲ್ಲ. ಅಂದರೆ ನಾನು ಕೆಳಗೆ ಹೋಗದೆ ಬಾಯಿಮಾತಿನಲ್ಲಿ ಹೂಂ ಅಂದಿರಬೇಕು. ಅಂದದ್ದು ನನಗೆ ನೆನಪಿಲ್ಲ. ತಪ್ಪು ನನ್ನದು.

ಆಪರೇಟರನ್ನು ನೋಡಲು ತಾವೇ ಹೋಗುತ್ತೇನೆಂದರು. ಆತ ಆಸ್ಪತ್ರೆಯಿಂದ ಮನೆಗೆ ಬಂದ ಮೇಲೆ ಕಂಪನಿಯ ಕಾರಿನಲ್ಲಿ ಹೊರಟೆವು, ನಾನೂ ಹೋದೆ. ದಿವೆ ಘಾಟ್ ಹತ್ತುವಾಗ ಹೇಳಿಬಿಡೋಣ ಅಂದುಕೊಂಡೆ, ಹತ್ತಿ ಮುಗಿದಾಗ, ವಾಪಸು ಬರುವಾಗ ಹೇಳೋಣ ಅಂದುಕೊಂಡೆ. ಅವರು ಕಿಟಕಿಯ ಆಚೆ ನೋಡುತ್ತಿದ್ದರು. ಆತ ಮನೆಯ ಮುಂದೆ ಕುರ್ಚಿ ಹಾಕಿಕೊಂಡು ಕೂತಿದ್ದ. ಕೈಗೆ ಮೊಣಕೈವರೆಗೆ ಬಿಳಿ ಪಟ್ಟಿ. ಬಯ್ಯುತ್ತಾನೆ ಎಂದು ಹೆದರಿದ್ದೆ, ಬಯ್ಯಲಿಲ್ಲ. ಒಳಗಿಂದ ಪುಸ್ತಕ ತರಿಸಿ, ಎಡಗೈಯಿಂದ ಪುಟ ತೆಗೆದು ಸಾಲು ತೋರಿಸಿದ.

"ಪುಸ್ತಕಾತ್ ತಸಂಚ್ ಆಹೇ, ಸಾಹೇಬ್." ಪುಸ್ತಕದಲ್ಲಿ ಹಾಗೇ ಇದೆ, ತಾನು ತಪ್ಪು ಮಾಡಲಿಲ್ಲ ಎಂದು ನಮಗೆ ಸಾಬೀತು ಮಾಡುತ್ತಿದ್ದ, ಪಾಪ.

ಸರ್ ಆತನ ಎದುರು ಕೈ ಮುಗಿದು ನಿಂತು, ತಪ್ಪು ತಮ್ಮದು, ತಾವು ನೋಡದೆ ಹೆಸರು ಹಾಕಿದ್ದು ಎಂದು ಹೇಳಿದರು. ನಾನು ಎರಡು ಹೆಜ್ಜೆ ಹಿಂದೆ ಕಿತ್ತಳೆ ಹಣ್ಣಿನ ಚೀಲ ಹಿಡಿದು ನಿಂತಿದ್ದೆ. ವಾಪಸು ಬರುವಾಗಲೂ ಹೇಳಲಿಲ್ಲ.

ಕಂಪನಿ ಅವರನ್ನು ಹೋಗು ಅನ್ನಲಿಲ್ಲ. ಅವರೇ ರಾಜೀನಾಮೆ ಬರೆದರು. ಕೊನೆಯ ದಿನ ಮೇಜು ಖಾಲಿ ಮಾಡುತ್ತಾ, "ನಾಳೆ ಇನ್ನೊಂದು ಮರೀತೀನಿ, ಇನ್ನೊಬ್ಬಂದು ಏನರ ಹೋಗ್ತದ. ಬ್ಯಾಡವಾ," ಅಂದರು. ನಾನು ಅತ್ತೆ. ಅಗಲಿಕೆಗೆ ಅಳುತ್ತಿದ್ದೇನೆ ಅಂದುಕೊಂಡು ಅವರೇ ನನಗೆ ಸಮಾಧಾನ ಮಾಡಿದರು.

ಐದಾರು ತಿಂಗಳಾದ ಮೇಲೆ ಪುಣೆಯ ಕ್ಯಾಂಪ್ ಪೇಟೆಯಲ್ಲಿ ಬಟ್ಟೆ ಅಂಗಡಿಯೊಂದರ ಮುಂದೆ ಅವರ ಹೆಂಡತಿ ಸಿಕ್ಕರು. ಹಬ್ಬದಲ್ಲಿ ಅವರ ಮನೆಗೆ ಹೋಗಿ ಊಟ ಮಾಡಿದ್ದೆ, ಆಂಟಿ ಅನ್ನುತ್ತಿದ್ದೆ. ಅಂದು ಒಬ್ಬರೇ ಬಂದಿದ್ದರು. ಸರ್ ಹೇಗಿದ್ದಾರೆ ಅಂತ ಕೇಳಿದ್ದೇ ತಡ, ನಿಂತಲ್ಲೇ ಕಣ್ಣು ತುಂಬಿಕೊಂಡರು.

"ಏನ್ ಹೇಳ್ಲೆವಾ. ಒಬ್ಬರಽ ಎಲ್ಲೂ ಹೊರಗ ಹೋಗೂದಿಲ್ಲ. ಗ್ಯಾಸ್ ಬಂದ್ ಮಾಡೀನೇನು, ಕೀಲಿ ಹಾಕೀನೇನು ಅಂತ ಹತ್ತು ಸರ್ತಿ ಕೇಳ್ತಾರ. ಪೇಪರಿನ ಪದಬಂಧ ಮುಟ್ಟೂದಿಲ್ಲ. ಮೊಮ್ಮಗನ್ನ ಎತ್ತಿಕೊ ಅಂದ್ರ ಬ್ಯಾಡ, ಎಲ್ಲಿರ ಇಟ್ಟು ಮರೀತೀನಿ ಅಂತಾರ."

"ಡಾಕ್ಟರ್‌ಗೆ ತೋರಿಸಿದ್ರಾ ಆಂಟಿ?"

"ಇಬ್ಬರು ಡಾಕ್ಟರ್ ನೋಡ್ಯಾರ. ತಲಿ ಚೊಕ್ಕ ಅದ, ಏನೂ ಆಗಿಲ್ಲ ಅಂತಾರ. ಇವರು ಕೇಳಬೇಕಲ್ಲ? ಆ ಸಾಸವಡದ್ದು ಮತ್ತ ಏನು, ಅದು ಸುಳ್ಳೇನು ಅಂತಾರ."

ಅವರನ್ನು ರಿಕ್ಷಾ ಹತ್ತಿಸಿ ಕಳಿಸಿದೆ. ಸೋಮವಾರ ಮೊದಲ ಕೆಲಸ ಮ್ಯಾನೇಜರ್ ಹತ್ತಿರ ಹೋಗಿ ನಡೆದದ್ದನ್ನೆಲ್ಲ ಹೇಳಿದ್ದು. ಕೆಲಸ ಹೋದರೆ ಹೋಗಲಿ, ಆ ಪುಟದ ಹೆಸರು ತೆಗೆಸಿ, ಸರ್ ತಪ್ಪಿಲ್ಲ ಎಂದು ಒಂದು ಕಾಗದ ಬರೆದು ಕೊಡಿ ಅಂದೆ. ಅವರು, ತನಿಖೆ ಮುಗಿದು ಫೈಲ್ ಮುಚ್ಚಿದೆ, ಆತನಿಗೆ ಪರಿಹಾರವೂ ಹೋಗಿದೆ, ಈಗ ತೆರೆದರೆ ಇನ್ನೂ ಹತ್ತು ತಲೆನೋವು ಅಂದರು. ಲೇಬಲ್ ಪದ್ಧತಿ ಸರಿಪಡಿಸಿದ್ದೇವಲ್ಲ, ಅಷ್ಟು ಸಾಕು ಅಂದರು. ನಿಜ. ಈಗ ಲೇಬಲ್ಲಿನಲ್ಲಿ ನಂಬರ್ ದೊಡ್ಡದು, ಗಡದ ಹೆಸರು ಸಣ್ಣದು. ನಾನು ಹೇಳಿದ ಮೇಲೆ ಇನ್ನೊಂದೂ ಆಯಿತು: ಹೊಸ ಪುಸ್ತಕಕ್ಕೆ ಹಳೆಯ ಫೈಲ್ ಕಾಪಿ ಮಾಡಿದರೆ ಪರಿಶೀಲಿಸಿದವರ ಜಾಗ ತಂತಾನೇ ಖಾಲಿಯಾಗುತ್ತದೆ. ನನ್ನನ್ನು ಯಾರೂ ಕೆಲಸದಿಂದ ತೆಗೆಯಲಿಲ್ಲ. ಒಂದು ಶಿಕ್ಷೆಯಾದರೂ ಸಿಕ್ಕಿದ್ದರೆ ಸರ್ ಅವರಿಗೆ ತೋರಿಸಲು ಏನಾದರೂ ಇರುತ್ತಿತ್ತು.

ಆ ಭಾನುವಾರ ಬೆಳಿಗ್ಗೆ ಸರ್ ಮನೆಗೆ ಹೋದೆ. ಅವರು ಹೊರಕೋಣೆಯಲ್ಲಿ ಸುಮ್ಮನೆ ಕೂತಿದ್ದರು. ನನ್ನನ್ನು ಕಂಡು ಮುಖ ಅರಳಿತು, "ಬಾರವಾ ಮೈಸೂರು," ಅಂದರು. ಆಂಟಿ ಅವಲಕ್ಕಿ ತಂದಿಟ್ಟು ಪಕ್ಕದಲ್ಲೇ ಕೂತರು. ನಾನು ತಟ್ಟೆ ಮುಟ್ಟಲಿಲ್ಲ. ಒಂದೇ ಉಸಿರಿಗೆ ಎಲ್ಲ ಹೇಳಿದೆ. ಬಸ್ಸಿನ ಅವಸರ, ಹಳೆಯ ಫೈಲು, ಅಳಿಸದೆ ಬಿಟ್ಟ ಹೆಸರು, ನೆನಪಿಲ್ಲ ಅಂದ ಸುಳ್ಳು. "ನಿಮ್ಮ ತಲೆಗೆ ಏನೂ ಆಗಿಲ್ಲ ಸರ್. ನೀವು ಆ ಪುಸ್ತಕ ಕಣ್ಣಲ್ಲೂ ನೋಡಿಲ್ಲ. ನೋಡಿದ್ರೆ ತಾನೇ ನೆನಪಿರೋದು," ಅಂದೆ. ಲ್ಯಾಪ್‌ಟಾಪ್ ತೆಗೆದು ಫೈಲಿನ ಇತಿಹಾಸ ತೋರಿಸಿದೆ. ಆ ದಿನ ನಾನೊಬ್ಬಳೇ ಅದನ್ನು ಮುಟ್ಟಿದ್ದು ಅಲ್ಲಿ ಕಾಣುತ್ತಿತ್ತು.

ಅವರು ಕನ್ನಡಕ ಹಾಕಿಕೊಂಡು ಪರದೆಯನ್ನು ಹತ್ತಿರದಿಂದ ಓದಿದರು. ಪ್ರೂಫ್ ನೋಡುವವರ ಹಾಗೆ, ಒಂದೊಂದೇ ಸಾಲು.

"ಹೌದು, ನೀನಽ ಮುಟ್ಟೀದಿ. ಹೆಸರು ಯಾವಾಗ್ಲೂ ನೀವಽ ಟೈಪ್ ಮಾಡ್ತಿದ್ರಿ. ನಾ ಎಂದರ ಕಂಪ್ಯೂಟರಿನಾಗ ಮಾಡೀನೇನು?"

"ಟೈಪೂ ಮಾಡ್ಲಿಲ್ಲ ಸರ್, ಅದು ಮೊದಲೇ ಇತ್ತು. ನಿಮ್ಮನ್ನ ಕೇಳಲೇ ಇಲ್ಲ."

"ಕೇಳಿರ್ತೀ. ನಾ ಹೂಂ ಅಂದಿರ್ತೀನಿ." ಲ್ಯಾಪ್‌ಟಾಪನ್ನು ಮೆಲ್ಲಗೆ ಮುಚ್ಚಿ ನನ್ನ ಕಡೆ ಸರಿಸಿದರು. "ಇಷ್ಟು ವರ್ಷ ನನ್ನ ಕೈ ಕೆಳಗ ಕೆಲಸ ಮಾಡೀದಿ. ನಾ ಆವತ್ತ ಎಲ್ಲರ ಮುಂದ ಕೇಳಿದಾಗ ನೀ ಸುಳ್ಳು ಹೇಳ್ತಿದ್ದೇನು? ನಿನ್ನ ನಾ ಅರಿಯೇನೇನು? ಇವಳು ನಿನ್ನ ಮುಂದ ಅತ್ತಾಳ, ನಿನಗ ತಡಕೊಳ್ಳಾಕ ಆಗಿಲ್ಲ. ಈ ಮುದುಕನ ಸಮಾಧಾನಕ್ಕ ತಪ್ಪು ಮೈಮ್ಯಾಲ ಎಳಕೊಳ್ಳಾಕ ಬಂದೀದಿ. ಚಲೋ ಮನಸು ನಿಂದು. ಆದ್ರ ಹಂಗ ಮಾಡಬಾರದು ತಂಗಿ."

ನಾನು ಅವರ ಕಾಲು ಹಿಡಿದುಕೊಂಡೆ. ನನ್ನ ಮಾತು ನಂಬಿ ಸರ್ ಎಂದು ಎಷ್ಟು ಸಲ ಅಂದೆನೋ ಗೊತ್ತಿಲ್ಲ. ಅವರು ತಲೆ ಸವರಿ ಎಬ್ಬಿಸಿದರು. ಅವಲಕ್ಕಿ ಆರಿಹೋಯಿತು, ತಿನ್ನು ಅಂದರು. ತಿಂದೆ.

ಹೊರಟಾಗ ಆಂಟಿ ಬಾಗಿಲವರೆಗೆ ಬಂದರು. ಬಾಗಿಲನ್ನು ಬೆನ್ನ ಹಿಂದೆ ಅರ್ಧ ಎಳೆದುಕೊಂಡು ನಿಂತು, ಒಳಗೆ ಕೇಳದ ಹಾಗೆ ಹೇಳಿದರು:

"ನಾ ನಿನ್ನ ಮಾತು ನಂಬೀನಿ. ಒಂದೊಂದು ಅಕ್ಷರ ನಂಬೀನಿ. ಇನ್ನ ಈ ಮನಿಗಿ ಬರಬ್ಯಾಡ."

ಒಳಗಿನಿಂದ ಸರ್ ದನಿ ಬಂತು. "ತಂಗಿ, ಮುಂದಿನ ಐತವಾರ ಊಟಕ್ಕಽ ಬಂದ್ಬಿಡು. ಬರ್ತೀಯಲ್ಲ?"

ಆಂಟಿ ನನ್ನ ಮುಖವನ್ನೇ ನೋಡುತ್ತಿದ್ದರು.

"ಹೂಂ ಸರ್," ಅಂದೆ. ಆಂಟಿ ಬಾಗಿಲು ಹಾಕಿಕೊಂಡರು.